ಪಂಚರ ಸಮಕ್ಷಮ

ಸುದ್ದಗುಂಟೆಪಾಳ್ಯ, ಬೆಂಗಳೂರು
28 ಮೇ 2023

ಮಾನ್ಯ ಅನಂತಪದ್ಮನಾಭ ಅವರಿಗೆ ನಮಸ್ಕಾರಗಳು.

ನಿಮಗೆ ನನ್ನ ಪರಿಚಯ ಇಲ್ಲ. ನನ್ನ ಹೆಸರು ಅನ್ನಪೂರ್ಣ. ನಮ್ಮೂರು ಕೊಪ್ಪಳ ಜಿಲ್ಲೆಯ ಕುಕನೂರು. ಇಲ್ಲಿ ಬಿಟಿಎಂನ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ರಿಸೆಪ್ಷನ್ ಕೆಲಸ ಮಾಡುತ್ತೇನೆ. ನಿಮ್ಮ ವಿಳಾಸ ಸಿಕ್ಕಿದ್ದು ನಮ್ಮಣ್ಣ ನಿಂಗರಾಜನ ಚಾರ್ಜ್‌ಶೀಟಿನಲ್ಲಿ. ಹೋದ ವಾರ ಕೋರ್ಟಿನಲ್ಲಿ ಅದರ ಪ್ರತಿ ಕೊಟ್ಟರು. ಕೊನೆಯ ಹಾಳೆಯಲ್ಲಿ ಸಾಕ್ಷಿಗಳ ಪಟ್ಟಿ ಇದೆ, ಮೂರನೆಯ ಹೆಸರು ನಿಮ್ಮದು. ಫೋನ್ ನಂಬರ್ ಇಲ್ಲ. ಮನೆ ನಂಬರು, ಅಡ್ಡರಸ್ತೆ ಇವೆ. ಅದಕ್ಕೇ ಈ ಕಾಗದ.

ಅಣ್ಣ ಕುಡಿಯುವ ನೀರಿನ ಫಿಲ್ಟರ್ ಸರ್ವಿಸ್ ಮಾಡುವವನು. ನಿಮ್ಮ ರಸ್ತೆಯ ಚಿದಾನಂದ್ ಅವರ ಮನೆಗೆ ಫೆಬ್ರವರಿಯಲ್ಲಿ ಹೋಗಿದ್ದ. ಮರುದಿನ ಅವರ ಬೆಳ್ಳಿಯ ದೀಪದ ಕಂಬಗಳು ಕಾಣಲಿಲ್ಲವಂತೆ. ಹದಿನಾಲ್ಕನೇ ತಾರೀಖು ಪೊಲೀಸರು ಅಣ್ಣನನ್ನು ಕರೆದುಕೊಂಡು ಹೋದರು. ಎರಡು ದಿನ ಸ್ಟೇಷನ್ನಿನಲ್ಲಿಟ್ಟು ಪರಪ್ಪನ ಅಗ್ರಹಾರದ ಜೈಲಿಗೆ ಕಳಿಸಿದರು, ಅಲ್ಲೇ ಇದ್ದಾನೆ. ರಿಮ್ಯಾಂಡು ಅಂತ ಹದಿನೈದು ದಿನಕ್ಕೊಮ್ಮೆ ಮುಂದಕ್ಕೆ ಹಾಕುತ್ತಾರೆ. ಮೊದಲು ಜಾಮೀನು ಇಲ್ಲ ಅಂದರು, ಆಮೇಲೆ ಕೊಟ್ಟರು. ಆದರೆ ಜಾಮೀನಿಗೆ ನಿಲ್ಲಲು ಆಸ್ತಿ ಪತ್ರ ಇರುವವರು ಒಬ್ಬರು ಬೇಕು. ಈ ಊರಿನಲ್ಲಿ ನಮಗೆ ಅಂಥವರು ಯಾರಿದ್ದಾರೆ? ಹಾಗಾಗಿ ಜಾಮೀನು ಸಿಕ್ಕೂ ಒಳಗೇ ಇದ್ದಾನೆ.

ಚಾರ್ಜ್‌ಶೀಟಿನಲ್ಲಿ ಫೆಬ್ರವರಿ ಹದಿನೈದರ ಒಂದು ಮಹಜರು ಇದೆ. ನಮ್ಮ ಕಡೆ ಅದಕ್ಕೆ ಪಂಚನಾಮಿ ಅಂತಾರೆ. ‘ಪಂಚರ ಸಮಕ್ಷಮ ಆರೋಪಿಯ ಕೋಣೆಯ ಮಂಚದ ಕೆಳಗಿನಿಂದ ಎರಡು ಬೆಳ್ಳಿ ದೀಪದ ಕಂಬಗಳನ್ನು ಅಮಾನತ್ತುಪಡಿಸಿಕೊಳ್ಳಲಾಯಿತು’ ಎಂದು ಬರೆದು, ಕೆಳಗೆ ಪಂಚರಲ್ಲಿ ಒಬ್ಬರಾಗಿ, ಅಂದರೆ ಕಣ್ಣಾರೆ ನೋಡಿದ ಸಾಕ್ಷಿಯಾಗಿ, ನೀವು ಸಹಿ ಮಾಡಿದ್ದೀರಿ. ಸರ್, ನಮ್ಮ ಕೋಣೆಯಲ್ಲಿ ಮಂಚವೇ ಇಲ್ಲ. ನಾವು ಚಾಪೆ ಹಾಸಿಕೊಂಡು ಮಲಗುವವರು.

ಅವತ್ತು ನಾನು ಕೆಲಸದಲ್ಲಿದ್ದೆ, ಏನೂ ನೋಡಿಲ್ಲ. ನಮ್ಮ ಪರ ಸರ್ಕಾರದಿಂದ ಕೊಟ್ಟ ವಕೀಲರು ಶಿವರಾಜ್. ಕೇಸು ನಿಂತಿರುವುದೇ ಆ ಮಹಜರಿನ ಮೇಲೆ ಅನ್ನುತ್ತಾರೆ ಅವರು. ನಾನು ನಿಮ್ಮನ್ನು ಸುಳ್ಳು ಹೇಳಿ ಎಂದು ಕೇಳುತ್ತಿಲ್ಲ. ಒಂದೇ ಪ್ರಶ್ನೆ. ನೀವು ನಮ್ಮ ಕೋಣೆಗೆ ಬಂದಿದ್ದಿರಾ?

ಇಂತಿ ನಮಸ್ಕಾರಗಳೊಂದಿಗೆ,
ಅನ್ನಪೂರ್ಣ


ಸುದ್ದಗುಂಟೆಪಾಳ್ಯ
2 ಜುಲೈ 2023

ಮಾನ್ಯರೆ,

ಮೊದಲಿನ ಕಾಗದ ಮುಟ್ಟಲಿಲ್ಲವೇನೋ ಎಂದು ಮತ್ತೆ ಬರೆಯುತ್ತಿದ್ದೇನೆ. ಮುಟ್ಟಿದ್ದರೂ ಇದನ್ನು ಓದಿ.

ಊರಿನಿಂದ ನಮ್ಮವ್ವ ಹುಲಿಗೆವ್ವ ಬಂದಿದ್ದಾಳೆ. ಮಗನನ್ನು ನೋಡಲು ಜೈಲಿಗೆ ಹೋಗಿ, ಗಾಜಿನ ಈಚೆ ನಿಂತು, ಏನು ಮಾತಾಡಬೇಕೋ ತಿಳಿಯದೆ ‘ಉಂಡಿಯೇನೋ’ ಎಂದು ಮೂರು ಸಲ ಕೇಳಿದಳು. ಅವನೂ ಮೂರು ಸಲ ‘ಉಂಡೆನವ್ವಾ’ ಅಂದ. ಅಷ್ಟರಲ್ಲಿ ಹೊತ್ತು ಮುಗಿಯಿತು. ಊರಲ್ಲಿ ಕೇಳಿದವರಿಗೆ ಮಗ ದುಬೈಗೆ ಹೋಗಿದ್ದಾನೆ ಎಂದು ಹೇಳಿ ಬಂದಿದ್ದಾಳೆ. ನನಗೆ ನಗುವೂ ಬಂತು, ಅಳುವೂ ಬಂತು.

ನಾನೂ ಲ್ಯಾಬಿನಲ್ಲಿ ಯಾರಿಗೂ ಹೇಳಿಲ್ಲ. ಕೋರ್ಟಿನ ದಿನ ಹಲ್ಲುನೋವು ಎಂದು ರಜೆ ಕೇಳುತ್ತೇನೆ. ‘ಎಷ್ಟು ಹಲ್ಲಮ್ಮಾ ನಿಂಗೆ?’ ಎಂದು ಮೇಡಂ ನಗುತ್ತಾರೆ.

ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಬರೆಯಿರಿ. ಸಾಕು.

ಅನ್ನಪೂರ್ಣ


ಬನಶಂಕರಿ ಎರಡನೇ ಹಂತ
11 ಜುಲೈ 2023

ಕುಮಾರಿ ಅನ್ನಪೂರ್ಣ ಅವರಿಗೆ,

ತಮ್ಮ ಎರಡೂ ಪತ್ರಗಳು ತಲುಪಿವೆ. ಪ್ರಕರಣವು ನ್ಯಾಯಾಲಯದ ಮುಂದಿರುವುದರಿಂದ ಸಾಕ್ಷಿದಾರರನ್ನು ಈ ರೀತಿ ಸಂಪರ್ಕಿಸುವುದು ಸೂಕ್ತವಲ್ಲ. ಸಾಕ್ಷಿಯ ಮೇಲೆ ಪ್ರಭಾವ ಬೀರುವುದು ಅಪರಾಧವೂ ಆಗಬಹುದು. ತಮ್ಮ ಹಿತದೃಷ್ಟಿಯಿಂದಲೇ ಇದನ್ನು ಹೇಳುತ್ತಿದ್ದೇನೆ. ನನ್ನನ್ನು ನ್ಯಾಯಾಲಯ ಕರೆದಾಗ, ಕೇಳಿದ್ದಕ್ಕೆ ಉತ್ತರಿಸುತ್ತೇನೆ. ಇನ್ನು ಮುಂದೆ ಪತ್ರ ವ್ಯವಹಾರ ಬೇಡವೆಂದು ಈ ಮೂಲಕ ತಿಳಿಸಲಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಅನಂತಪದ್ಮನಾಭ
ನಿವೃತ್ತ ಗೆಜೆಟೆಡ್ ಅಧಿಕಾರಿ


ಸುದ್ದಗುಂಟೆಪಾಳ್ಯ
16 ಜುಲೈ 2023

ಮಾನ್ಯರೆ,

‘ತಿಳಿಸಲಾಗಿದೆ’ ಎಂದು ಬರೆದಿದ್ದೀರಿ. ತಿಳಿಸಿದವರು ಯಾರು ಸರ್? ‘ಅಮಾನತ್ತುಪಡಿಸಿಕೊಳ್ಳಲಾಯಿತು’ ಅನ್ನುವುದೂ ಹೀಗೇ. ಎಲ್ಲಾ ತಾನಾಗಿಯೇ ಆಗಿಹೋಗುತ್ತದೆ, ಮಾಡಿದವರು ಮಾತ್ರ ಯಾರೂ ಇಲ್ಲ. ಸಿಟ್ಟು ಬಂದು ಬರೆದೆ, ಕ್ಷಮಿಸಿ.

ಆಗಸ್ಟ್ 21ಕ್ಕೆ ‘ಚಾರ್ಜ್ ಫ್ರೇಮ್’ ಅಂತ ಇಟ್ಟಿದ್ದಾರೆ. ನಿನ್ನ ಮೇಲೆ ಇಂಥ ಆರೋಪ ಇದೆ, ಒಪ್ಪುತ್ತೀಯೋ ಇಲ್ಲವೋ ಎಂದು ಆವತ್ತು ಜಡ್ಜ್ ಕೇಳುತ್ತಾರಂತೆ. ಇಲ್ಲ ಅಂದರೆ ವಿಚಾರಣೆ, ಸಾಕ್ಷಿಗಳು, ಪಾಟೀಸವಾಲು. ಎರಡು ವರ್ಷವೋ ಮೂರು ವರ್ಷವೋ ಹೇಳುವುದಕ್ಕಾಗುವುದಿಲ್ಲ. ನೀವು ಬೇಡ ಅಂದಿರಿ, ಇನ್ನು ಬರೆಯುವುದಿಲ್ಲ.

ಅನ್ನಪೂರ್ಣ


ಬನಶಂಕರಿ ಎರಡನೇ ಹಂತ
19 ಆಗಸ್ಟ್ 2023

ಅನ್ನಪೂರ್ಣಾ,

ಬರೆಯಬೇಡಿ ಎಂದವನೇ ಬರೆಯುತ್ತಿದ್ದೇನೆ. ಈ ಕಾಗದವನ್ನು ಎಷ್ಟು ಸಲ ಶುರುಮಾಡಿ ಹರಿದುಹಾಕಿದ್ದೇನೆಂದರೆ ನನ್ನ ಹೆಂಡತಿ ವಾರಿಜಾ ‘ಏನ್ರೀ, ಯಾವ ಹುಡುಗಿಗೆ ಬರೀತಿದೀರಾ ಈ ವಯಸ್ಸಲ್ಲಿ?’ ಎಂದು ಕಿಚಾಯಿಸಿದಳು. ನಾನು ನಗಲಿಲ್ಲ. ಅವಳು ನನ್ನ ಕೈಯಿಂದ ನಿಮ್ಮ ಕಾಗದಗಳನ್ನು ತೆಗೆದುಕೊಂಡು ಮೂರನ್ನೂ ಓದಿದಳು. ಓದಿ, ಕನ್ನಡಕ ತೆಗೆದು, ‘ಫೆಬ್ರವರಿ ಹದಿನೈದು ಅಂದ್ರೆ ಕೋಣನಕುಂಟೆಲಿ ಸೀಮಂತ ಇತ್ತಲ್ರೀ. ಬೆಳಿಗ್ಗೆ ಹೋಗಿ, ಊಟ ಮುಗಿಸ್ಕೊಂಡು ಮೂರು ಗಂಟೆಗೆ ಬಂದ್ವಿ. ನೀವು ಯಾವಾಗ ಹೋದ್ರಿ ಇವರ ರೂಮಿಗೆ?’ ಎಂದಳು.

ಮಹಜರಿನಲ್ಲಿ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡೂವರೆ ಎಂದಿದೆ. ಆ ಹೊತ್ತಿಗೆ ನಾನು ನನ್ನ ತಂಗಿಯ ಮಗಳ ಸೀಮಂತದಲ್ಲಿ ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದೆ.

ನೀವು ಕೇಳಿದ ಪ್ರಶ್ನೆಗೆ ಉತ್ತರ: ಇಲ್ಲ. ನಾನು ನಿಮ್ಮ ಕೋಣೆಗೆ ಬಂದಿಲ್ಲ. ಸುದ್ದಗುಂಟೆಪಾಳ್ಯಕ್ಕೆ ನಾನು ಜನ್ಮದಲ್ಲಿ ಕಾಲಿಟ್ಟಿಲ್ಲ.

ನಡೆದದ್ದು ಹೀಗೆ. ಅವತ್ತು ಸಂಜೆ ಐದಕ್ಕೆ ಚಿದಾನಂದ್ ಫೋನ್ ಮಾಡಿದ. ಇಪ್ಪತ್ತು ವರ್ಷದಿಂದ ನಾವಿಬ್ಬರೂ ಬೆಳಗಿನ ವಾಕಿಂಗಿಗೆ ಜೊತೆಯಾಗಿ ಹೋಗುವವರು. ‘ಅನಂತೂ, ದೀಪ ಸಿಕ್ತು ಕಣಯ್ಯಾ! ಸ್ಟೇಷನ್ನಿಗೆ ಬಂದು ಒಂದು ಸೈನ್ ಹಾಕು. ಮರ್ಯಾದಸ್ಥರು ಯಾರಾದ್ರೂ ಇದ್ರೆ ಕೇಸು ಗಟ್ಟಿಯಾಗತ್ತಂತೆ’ ಎಂದ. ತೀರಿಕೊಂಡ ಅವನ ಹೆಂಡತಿಯ ದೀಪಗಳು ಅವು. ಸಂತೋಷದಿಂದಲೇ ಹೋದೆ. ಕಂಬಗಳು ಮೇಜಿನ ಮೇಲಿದ್ದವು, ಮಹಜರು ಬರೆದು ಸಿದ್ಧವಾಗಿತ್ತು. ಅಲ್ಲಿದ್ದವರು ‘ಓದಿ ನೋಡ್ತೀರಾ ಸಾರ್?’ ಎಂದು ಕೇಳಿದರು. ಕೇಳಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ. ‘ಅಯ್ಯೋ, ಏನಿರತ್ತಪ್ಪಾ ಓದೋಕೆ’ ಎಂದು ಸಹಿ ಮಾಡಿದೆ. ಟೀ ಕೊಟ್ಟರು, ಕುಡಿದು ಬಂದೆ.

ಯಾಕೆ ಹೀಗೆ ಮಾಡಿದೆ ಎಂದು ನೀವು ಕೇಳಬಹುದು. ನಾನು ಗೆಜೆಟೆಡ್ ಅಧಿಕಾರಿಯಾಗಿದ್ದವನು. ಬನಶಂಕರಿಯ ಅರ್ಧ ಮಕ್ಕಳ ಮಾರ್ಕ್ಸ್‌ಕಾರ್ಡುಗಳ ಮೇಲೆ ನನ್ನ ಹಸಿರು ಇಂಕಿನ ಸಹಿ ಇದೆ. ‘ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಿದ್ದೇನೆ, ಸರಿಯಿದೆ’ ಎಂಬ ಸೀಲು ಹೊಡೆದು ಸಹಿ ಹಾಕುತ್ತಿದ್ದೆ. ಮೂಲ ಪ್ರತಿ ಯಾರು ತರುತ್ತಿದ್ದರು? ತಂದರೂ ಯಾರು ನೋಡುತ್ತಿದ್ದರು? ಬಂದ ಮಕ್ಕಳ ಮುಖ ನೋಡಿ, ಪಾಪ, ನಾಳೆ ಅರ್ಜಿಗೆ ಕೊನೇ ದಿನ ಎಂದು ಹಾಕುತ್ತಿದ್ದೆ. ಅದನ್ನು ಉಪಕಾರ ಎಂದುಕೊಂಡಿದ್ದೆ. ಜನರೂ ಹಾಗೇ ಅಂದುಕೊಂಡಿದ್ದರು, ದೀಪಾವಳಿಗೆ ಸಿಹಿ ತಂದು ಕೊಡುತ್ತಿದ್ದರು. ‘ನೋಡಿದ್ದೇನೆ’ ಎಂಬುದು ನನಗೆ ಬರೀ ಸೀಲಾಗಿತ್ತು, ಅದಕ್ಕೊಂದು ಅರ್ಥ ಇದೆ ಎಂಬುದೇ ಮರೆತುಹೋಗಿತ್ತು. ಮಹಜರಿಗೂ ಅದೇ ಕೈಯಿಂದ ಸಹಿ ಮಾಡಿದೆ.

ಅಂದರೆ ಮೇ ತಿಂಗಳಿನಲ್ಲಿ ನಿಮ್ಮ ಮೊದಲ ಕಾಗದ ಓದಿದಾಗಲೇ ನನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಜುಲೈನಲ್ಲಿ ನಿಮಗೆ ಕಾನೂನು ಹೇಳಿದೆ. ಇದನ್ನು ಬರೆಯಲು ನನಗೆ ತುಂಬ ನಾಚಿಕೆಯಾಗುತ್ತಿದೆ. ಹೆದರಿದ್ದೂ ನಿಜ. ನಾನು ಕೋರ್ಟಿನಲ್ಲಿ ‘ನೋಡಿಲ್ಲ’ ಎಂದರೆ ಸರ್ಕಾರಿ ವಕೀಲರು ನನ್ನನ್ನು ‘ಪ್ರತಿಕೂಲ ಸಾಕ್ಷಿ’ ಎಂದು ಬರೆಸುತ್ತಾರಂತೆ. ಕಾಸು ತಿಂದು ತಿರುಗಿಬಿದ್ದವರನ್ನು ಹಾಗೆ ಕರೆಯುವುದನ್ನು ಪೇಪರಿನಲ್ಲಿ ಓದಿದ್ದೆ. ಮೂವತ್ತೈದು ವರ್ಷ ಒಬ್ಬರ ಹತ್ತಿರ ಒಂದು ಕಾಫಿಯನ್ನೂ ಕುಡಿಯದವನು ನಾನು. ಆ ಹೆಸರು ಹೊತ್ತುಕೊಂಡು ರಸ್ತೆಯಲ್ಲಿ ಹೇಗೆ ಓಡಾಡುವುದು ಎಂದು ಎರಡು ತಿಂಗಳು ಯೋಚಿಸಿದೆ. ನಿಮ್ಮ ಅಣ್ಣ ಯಾವ ಹೆಸರು ಹೊತ್ತುಕೊಂಡು ಕೂತಿದ್ದಾನೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಸಾಕ್ಷಿಯ ಹಂತ ಬರಲು ಇನ್ನೂ ತಿಂಗಳುಗಳಿವೆ ಎಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಸಮನ್ಸ್ ಬಂದ ದಿನ ಹೋಗಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಿಮ್ಮ ಅಣ್ಣನಿಗೆ ಧೈರ್ಯ ಹೇಳಿ. ಇವತ್ತು ಶನಿವಾರ, ಸಂಜೆ ವಾಕಿಂಗಿಗೆ ಹೋಗುವಾಗ ಇದನ್ನು ಡಬ್ಬಿಗೆ ಹಾಕುತ್ತೇನೆ.

ಅನಂತಪದ್ಮನಾಭ


ಸುದ್ದಗುಂಟೆಪಾಳ್ಯ
3 ಸೆಪ್ಟೆಂಬರ್ 2023

ಸರ್,

ನಿಮ್ಮ ಕಾಗದ ಇಪ್ಪತ್ತಮೂರನೇ ತಾರೀಖು ಬುಧವಾರ ಬಂತು. ಅಣ್ಣ ಮಂಗಳವಾರ ಸಂಜೆಯೇ ಬಿಡುಗಡೆಯಾಗಿ ಬಂದಿದ್ದ.

ಕೇಸು ಮುಗಿಯಿತು. ಸೋಮವಾರ ಜಡ್ಜ್ ಕೇಳಿದಾಗ ಅಣ್ಣ ‘ಒಪ್ಪುತ್ತೇನೆ’ ಅಂದ. ತಪ್ಪೊಪ್ಪಿಕೊಂಡಿದ್ದಾನೆ ಎಂದು ಬರೆದುಕೊಂಡು ಆರು ತಿಂಗಳ ಶಿಕ್ಷೆ ಕೊಟ್ಟರು. ಒಳಗಿದ್ದದ್ದೇ ಆರು ತಿಂಗಳ ಮೇಲಾಗಿತ್ತಲ್ಲ, ಅದರಲ್ಲೇ ವಜಾ ಆಯಿತು. ಯಾವ ಸಾಕ್ಷಿಯನ್ನೂ ಕರೆಯಬೇಕಾಗಲಿಲ್ಲ. ನಿಮ್ಮನ್ನೂ ಇನ್ನು ಯಾರೂ ಕರೆಯುವುದಿಲ್ಲ. ನೀವು ನಿಶ್ಚಿಂತೆಯಿಂದ ಇರಬಹುದು.

ಒಪ್ಪಿಕೋ ಎಂದು ಅವನಿಗೆ ಹೇಳಿದವಳು ನಾನು. ಇದನ್ನು ಅವ್ವನಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಶಿವರಾಜ್ ವಕೀಲರು ಎರಡೂ ದಾರಿ ಹೇಳಿದ್ದರು. ಹೋರಾಡಿದರೆ ಗೆಲ್ಲಬಹುದು, ಆದರೆ ಅಲ್ಲಿಯವರೆಗೆ ಒಳಗೇ. ಒಪ್ಪಿದರೆ ಇವತ್ತೇ ಮನೆಗೆ. ಹದಿನೆಂಟನೇ ತಾರೀಖು ಜೈಲಿಗೆ ಹೋಗಿ ನಾನು ಅಣ್ಣನಿಗೆ, ‘ಅಂಥಾ ದೊಡ್ಡ ಮನಿಷಾ ಕಣ್ಣಿಲೆ ನೋಡೀನಿ ಅಂತ ಸಹಿ ಮಾಡ್ಯಾನ. ನಮ್ಮ ಮಾತು ಯಾರು ನಂಬ್ತಾರ? ಒಪ್ಕೊಂಡು ಹೊರಗ ಬಂದುಬಿಡು’ ಅಂದೆ. ಅವನು ಆಯ್ತು ಅಂದ.

ಸರ್, ನಿಜ ಹೇಳುತ್ತೇನೆ. ನನಗೇ ಅನುಮಾನ ಬಂದಿತ್ತು. ಮಂಚ ಇಲ್ಲ ಎಂದು ನಿಮಗೆ ಬರೆದವಳು ನಾನೇ. ಆದರೂ ನಿಮ್ಮ ಜುಲೈ ಕಾಗದ ಓದಿದ ಮೇಲೆ, ಇಷ್ಟು ಶುದ್ಧವಾಗಿ ಬರೆಯುವವರು, ಇಷ್ಟು ನಿಯಮ ಬಲ್ಲವರು ನೋಡದೆ ಸಹಿ ಮಾಡುತ್ತಾರೆಯೇ ಅನ್ನಿಸಿತು. ಮಂಚ ಅಂತ ತಪ್ಪಿ ಬರೆದಿರಬಹುದು, ಕಳುವು ನಿಜವೇ ಇರಬಹುದು ಎಂದುಕೊಂಡೆ. ಒಡಹುಟ್ಟಿದವನಿಗಿಂತ ಹಸಿರು ಇಂಕನ್ನು ನಂಬಿದೆ.

ಬುಧವಾರ ನಿಮ್ಮ ಕಾಗದ ಓದಿ, ಮೊದಲ ಸಲ ಅವನನ್ನು ಕೇಳಿದೆ. ‘ಅಣ್ಣಾ, ನೀ ತಗೊಂಡಿಲ್ಲೇನೋ?’ ಅವನು ಹೇಳಿದ್ದು ಇಷ್ಟೇ. ‘ನೀ ಒಪ್ಪಿಕೋ ಅಂದಾಗ, ನೀನೂ ನನ್ನ ಕಳ್ಳ ಅಂತ ತಿಳಕೊಂಡಿ ಅಂದ್ಕೊಂಡೆ. ಇನ್ನ ಯಾರಿಗೆ ಇಲ್ಲ ಅಂತ ಹೇಳ್ಲಿ ಅಂತ ಸುಮ್ಮನಾದೆ.’ ಅವತ್ತಿನಿಂದ ನನ್ನ ಜೊತೆ ಮಾತಾಡುವುದಿಲ್ಲ. ನಾನು ಹಾಕಿದ್ದನ್ನು ಉಣ್ಣುತ್ತಾನೆ, ಮುಖ ನೋಡುವುದಿಲ್ಲ.

ಕಂಪನಿಯವರು ಶಿಕ್ಷೆಯಾದವನನ್ನು ಜನರ ಮನೆಯೊಳಗೆ ಕಳಿಸಲು ಆಗುವುದಿಲ್ಲ ಅಂದರು. ಅದು ಅವರ ತಪ್ಪಲ್ಲ. ನಮ್ಮ ಬೀದಿಯಲ್ಲಿ ಏನೇ ಕಳೆದರೂ ಇನ್ನು ಮೊದಲು ಬರುವುದು ನಮ್ಮ ಬಾಗಿಲಿಗೆ.

ನಿಮ್ಮ ಕಾಗದ ಮೂರು ದಿನ ಮೊದಲು ಬಂದಿದ್ದರೆ ಎಂದು ಬರೆಯಬಾರದು ಅಂದುಕೊಂಡಿದ್ದೆ. ಬರೆದೆ.

ಅನ್ನಪೂರ್ಣ


ಬನಶಂಕರಿ ಎರಡನೇ ಹಂತ
8 ಸೆಪ್ಟೆಂಬರ್ 2023

ಅನ್ನಪೂರ್ಣಾ,

ಏನು ಬರೆಯಲಿ? ನಿಶ್ಚಿಂತೆಯಿಂದ ಇರಬಹುದು ಎಂದು ಬರೆದಿದ್ದೀರಿ. ಆ ಮಾತು ಓದಿದಾಗ ಯಾರೋ ಎಲ್ಲರ ಮುಂದೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಬಾರಿಸಬೇಕಾದದ್ದೇ.

ವಾರಿಜಾ ನನ್ನ ಜೊತೆ ಜಗಳವಾಡಲಿಲ್ಲ. ಜಗಳವಾಡಿದ್ದರೆ ವಾಸಿಯಿತ್ತು. ‘ಶನಿವಾರ ಯಾಕೆ ಡಬ್ಬಿಗೆ ಹಾಕಿದ್ರಿ? ಆಟೋ ಹತ್ತಿ ಹೋಗಿ ಹೇಳೋಕೆ ಏನಾಗಿತ್ತು?’ ಎಂದು ಒಂದು ಸಲ ಕೇಳಿದಳು. ಏನಾಗಿತ್ತು ಎಂದರೆ, ನನಗೆ ನಿಮ್ಮ ಮುಖ ನೋಡಲು ಮುಖವಿರಲಿಲ್ಲ. ನನ್ನ ಸರದಿ ಇನ್ನೂ ದೂರವಿದೆ ಎಂದು ಲೆಕ್ಕ ಹಾಕಿಕೊಂಡು ಕೂತೆ. ನಿಮ್ಮ ಅಣ್ಣನ ಸರದಿ ಸೋಮವಾರವೇ ಇತ್ತು.

ಚಿದಾನಂದನಿಗೆ ಎಲ್ಲ ಹೇಳಿದೆ. ‘ದೀಪ ನಂದೇ ಅಲ್ವೇನಯ್ಯಾ? ಸಿಕ್ಕಿದ್ದು ಸುಳ್ಳೇ? ಎಲ್ಲಿ ಸಿಕ್ಕಿದ್ರೆ ನಿಂಗೇನು?’ ಎಂದ. ನಾನು, ಎಲ್ಲಿ ಸಿಕ್ಕಿತು ಅನ್ನುವುದಕ್ಕೇ ಕಣಯ್ಯಾ ನಾನು ಸಹಿ ಮಾಡಿದ್ದು ಎಂದೆ. ಅವನಿಗೆ ಅರ್ಥವಾಗಲಿಲ್ಲವೋ ಅರ್ಥವಾಯಿತೋ, ಮರುದಿನದಿಂದ ವಾಕಿಂಗಿಗೆ ಬೇರೆ ದಾರಿ ಹಿಡಿದಿದ್ದಾನೆ.

ನಿಮ್ಮ ಅಣ್ಣನ ಕ್ಷಮೆ ಕೇಳಬೇಕು. ಬರಬಹುದೇ? ಬೇಡ ಎಂದರೂ ಸರಿ.

ಅನಂತಪದ್ಮನಾಭ


ಸುದ್ದಗುಂಟೆಪಾಳ್ಯ
17 ಸೆಪ್ಟೆಂಬರ್ 2023

ಸರ್,

ನಿಮ್ಮ ಕಾಗದವನ್ನು ಅಣ್ಣನಿಗೆ ಓದಿ ಹೇಳಿದೆ. ನನ್ನಿಂದ ಮುಖ ತಿರುಗಿಸಿಕೊಂಡೇ ಕೇಳಿದ. ಕೇಳಿ, ‘ಆ ಮನಿಷಾನ್ನ ನಾ ನೋಡೀನಿ’ ಅಂದ.

ನೀವು ಸ್ಟೇಷನ್ನಿಗೆ ಬಂದಾಗ ಅವನು ಅಲ್ಲೇ, ಗೋಡೆಯ ಹತ್ತಿರ ನೆಲದ ಮೇಲೆ ಕೂತಿದ್ದನಂತೆ. ನೀವು ಟೀ ಕುಡಿಯುವಾಗ ಒಂದು ಸಲ ‘ಸರ್’ ಎಂದು ಕರೆದನಂತೆ. ನೀವು ತಿರುಗಿ ನೋಡಲಿಲ್ಲವಂತೆ. ‘ಕೇಳ್ಸಿರಾಕಿಲ್ಲ ಬಿಡು’ ಅಂದ.

ಮುಂದಿನ ಭಾನುವಾರ ಬನ್ನಿ. ಅಣ್ಣನಿಗಲ್ಲ, ನಮ್ಮವ್ವನಿಗೆ ಹೇಳಿ. ಮಗ ಕೋರ್ಟಿನಲ್ಲಿ ತಾನೇ ಒಪ್ಪಿಕೊಂಡ ಎಂದು ಕೇಳಿದಾಗಿನಿಂದ ಅವಳು ಅವನ ತಟ್ಟೆಗೆ ಅನ್ನ ಹಾಕಿಲ್ಲ.

ಅನ್ನಪೂರ್ಣ


ಬನಶಂಕರಿ ಎರಡನೇ ಹಂತ
8 ಅಕ್ಟೋಬರ್ 2023

ಅನ್ನಪೂರ್ಣಾ,

ಆ ಭಾನುವಾರ ನಿಮ್ಮ ಮನೆಯಿಂದ ಎದ್ದು ಬರುವಾಗ ಸರಿಯಾಗಿ ಹೇಳಿಯೂ ಬರಲಿಲ್ಲ. ಅಂದು ಹೇಳಲಾಗದೆ ಉಳಿದದ್ದನ್ನು ಬರೆಯುತ್ತೇನೆ.

ನಿಂಗರಾಜ ‘ಸರ್’ ಎಂದು ಕರೆದದ್ದು ನನಗೆ ಕೇಳಿಸಿತ್ತು. ನೀವು ಬರೆದ ದಿನದಿಂದ ನೆನಪಿಸಿಕೊಳ್ಳುತ್ತಿದ್ದೇನೆ. ಕೇಳಿಸಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ, ಆಗಲಿಲ್ಲ. ಕೇಳಿಸಿತ್ತು. ಕಳ್ಳನ ಜೊತೆ ಏನು ಮಾತು ಎಂದು ಗಡಿಯಾರ ನೋಡಿಕೊಂಡೆ. ಇದನ್ನು ಅವನಿಗೆ ನೀವೇ ಓದಿ ಹೇಳಿ. ದೊಡ್ಡ ಮನಸ್ಸು ಮಾಡಿ ಕೇಳಿಸಿರಲಿಕ್ಕಿಲ್ಲ ಎಂದು ಬಿಟ್ಟುಬಿಟ್ಟಿದ್ದಾನೆ, ಆ ರಿಯಾಯಿತಿ ನನಗೆ ಸಲ್ಲುವುದಿಲ್ಲ.

ನಿಮ್ಮ ತಾಯಿಯ ಮುಂದೆ ಕೂತು, ‘ನಾನು ನೋಡಿಲ್ಲಮ್ಮ. ನೋಡದೇನೇ ಸೈನ್ ಮಾಡ್ದೆ. ನಿಮ್ಮ ಮಗನ ರೂಮಿಗೆ ನಾನು ಬಂದೇ ಇರಲಿಲ್ಲ’ ಎಂದಾಗ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಗುಳಕ್ಕೆ ಸಿದ್ಧನಾಗಿಯೇ ಬಂದಿದ್ದೆ. ಅವರು ನಿಧಾನವಾಗಿ, ‘ಹಿಂಗಂತ ಜಡ್ಜ್ ಸಾಹೇಬ್ರ ಮುಂದ ಹೇಳ್ರಲಾ’ ಎಂದರು.

ನಾನು ವಿವರಿಸಲು ಹೋದೆ. ಕೇಸು ಮುಗಿದಿದೆ, ತಪ್ಪೊಪ್ಪಿಕೊಂಡವನಿಗೆ ಶಿಕ್ಷೆ ಜಾಸ್ತಿಯಾಯಿತು ಅನ್ನುವುದಕ್ಕೆ ಬಿಟ್ಟರೆ ಅಪೀಲಿಲ್ಲ, ಸಾಕ್ಷಿಯ ಹಂತವೇ ಬರಲಿಲ್ಲ, ಸಮನ್ಸ್ ಇಲ್ಲದೆ ಸಾಕ್ಷಿ ಹೋಗಿ ನಿಲ್ಲುವ ಹಾಗಿಲ್ಲ ಎಂದೆಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಕೊನೆಗೆ, ‘ನನ್ನನ್ನ ಇನ್ನು ಯಾರೂ ಕೇಳಲ್ಲಮ್ಮ’ ಎಂದೆ.

ಆಗ ಅವರು ಕೇಳಿದ್ದು ನಿಮಗೂ ನೆನಪಿರುತ್ತದೆ. ‘ಕೇಳದಿದ್ರ ಹೇಳಾಕ ಬರಂಗಿಲ್ಲೇನ್ರೀ?’

ನನಗೆ ಅರವತ್ತೊಂಬತ್ತು ವರ್ಷ. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನು ಎದ್ದು ಬಂದೆ.

ಶಿವರಾಜ್ ವಕೀಲರನ್ನು ಹುಡುಕಿಕೊಂಡು ಹೋದೆ. ಹೈಕೋರ್ಟಿಗೆ ಅರ್ಜಿ ಹಾಕಿ, ಆ ತಪ್ಪೊಪ್ಪಿಗೆಯನ್ನು ರದ್ದು ಮಾಡಿ ಮೊದಲಿನಿಂದ ವಿಚಾರಣೆ ಮಾಡಿ ಎಂದು ಕೇಳಬಹುದಂತೆ. ಸಿಕ್ಕೇ ಸಿಗುತ್ತದೆ ಎಂದು ಅವರು ಹೇಳಲಿಲ್ಲ. ಅದಕ್ಕೆ ನಿಂಗರಾಜನೂ ಮನಸ್ಸು ಮಾಡಬೇಕು, ಮತ್ತೆ ಕೋರ್ಟು ಹತ್ತಬೇಕು. ಹತ್ತು ಎಂದು ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಅವನು ಹೂಂ ಅನ್ನುವವರೆಗೆ ನಾನು ಕಾಯಬೇಕಾಗಿಲ್ಲ. ಕಾದದ್ದು ಸಾಕು.

ನಡೆದದ್ದನ್ನೆಲ್ಲ ಪ್ರಮಾಣ ಮಾಡಿ ಅಫಿಡವಿಟ್ ಮಾಡಿಸಿದ್ದೇನೆ. ಸೀಮಂತದ ಫೋಟೋಗಳನ್ನೂ ಲಗತ್ತಿಸಿದ್ದೇನೆ, ಅವುಗಳಲ್ಲಿ ತಾರೀಖು, ಹೊತ್ತು ಎರಡೂ ಇವೆ. ಬರೆದವರು ‘ಸಹಿ ಪಡೆಯಲಾಯಿತು’ ಎಂದು ಟೈಪ್ ಮಾಡಿದ್ದರು. ಹೊಡೆದುಹಾಕಿಸಿ ‘ನಾನು ಸಹಿ ಮಾಡಿದೆ’ ಎಂದು ಬರೆಸಿದೆ. ಶಿವರಾಜ್, ‘ಸಾರ್, ಇದು ನಿಮ್ಮ ಮೇಲೇ ತಿರುಗಬಹುದು. ಸುಳ್ಳು ದಾಖಲೆಗೆ ಸೈನ್ ಮಾಡಿದ್ರಿ ಅಂತ ನಿಮ್ಮ ಮೇಲೇ ಎಫ್‌ಐಆರ್ ಆದ್ರೂ ಆಗಬಹುದು. ಯೋಚನೆ ಮಾಡಿ’ ಎಂದರು. ಆದರೆ ಆಗಲಿ ಎಂದೆ. ಹೇಳುವಾಗ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ವಾರಿಜಾ ಪಕ್ಕದಲ್ಲಿ ಕೂತಿದ್ದಳು.

ಒಂದು ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ತಾಯಿಗೆ ಓದಿ ಹೇಳಿ. ಅಣ್ಣನ ತಟ್ಟೆಗೆ ಅವರೇ ಅನ್ನ ಹಾಕಲಿ ಎಂಬುದು ನನ್ನ ಬೇಡಿಕೆ. ನೀವೂ ಅವನೂ ಮಾತಾಡುವ ಹಾಗಾಗಲಿ. ನನ್ನನ್ನು ಕ್ಷಮಿಸಿ ಎಂದು ಇವತ್ತು ಕೇಳುವುದಿಲ್ಲ.

ನಾಳೆ ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಪೊಲೀಸ್ ಕಮಿಷನರ್ ಕಚೇರಿಗೆ ಹೋಗಿ ಈ ಅಫಿಡವಿಟ್ಟನ್ನು ಕೈಯಾರೆ ಕೊಡುತ್ತೇನೆ. ನನ್ನನ್ನು ಯಾರೂ ಕರೆದಿಲ್ಲ.

ಅನಂತಪದ್ಮನಾಭ